ಅಧ್ಯಕ್ಷರ ಚೀಟಿ

ಪಂಚಾಯಿತಿ ಅಧ್ಯಕ್ಷ ಪುಟ್ಟಮಾದಪ್ಪ ಎದುರಾದರೆ ಊರಿನವರು ಒಂದು ಕೈ ಎತ್ತುತ್ತಿದ್ದರು. ಆಸ್ಪತ್ರೆಯ ನರ್ಸಮ್ಮ ಎದುರಾದರೆ ಎರಡೂ ಕೈ ಜೋಡಿಸುತ್ತಿದ್ದರು. ಇದನ್ನು ನೋಡಿ ನೋಡಿ ಅವನಿಗೆ ಹೊಟ್ಟೆ ಉರಿಯುತ್ತಿತ್ತು.

ಊರಿನ ಆಸ್ಪತ್ರೆಯನ್ನು ಸುಧಾರಿಸುವುದು ಹೇಗೆಂದು ಚರ್ಚಿಸಲು ಗ್ರಾಮಸಭೆ ಸೇರಿತು. ಪುಟ್ಟಮಾದಪ್ಪ ಗತ್ತಿನಿಂದ ಎದ್ದು ನಿಂತ. "ಇನ್ಮೇಲೆ ಯಾರೇ ಆಸ್ಪತ್ರೆಗೆ ಹೋಗಲಿ, ಮೊದಲು ನನಗೆ ಕಾಯಿಲೆ ಹೇಳಿ ಚೀಟಿ ಬರೆಸ್ಕೊಂಡು ಹೋಗ್ಬೇಕು."

ಜನ ಗಾಬರಿಯಾದರು. ಜ್ವರದ ಕೂಸನ್ನು ಎತ್ತಿಕೊಂಡು ಇವನ ಬಾಗಿಲು ಕಾಯುವುದೇ?

ನರ್ಸಮ್ಮ ಮಾತ್ರ ನಗುತ್ತಾ ಎದ್ದಳು. "ಒಳ್ಳೇದೇ ಆಯ್ತು, ಅಧ್ಯಕ್ಷರೇ. ಆದರೆ ಬರೀ ಕೇಳಿ ಬರೆದರೆ ಆಗಲ್ಲ, ಕಣ್ಣಾರೆ ನೋಡೇ ಬರೀಬೇಕು. ಈಗಲೇ ಶುರು ಮಾಡಿ. ಮೂಲವ್ಯಾಧಿ ಇರೋರು ಮೊದಲು ಬನ್ರಪ್ಪಾ!"

ಮುದುಕ ಜವರಯ್ಯ ಖುಷಿಯಿಂದ ವೇದಿಕೆ ಹತ್ತಿ, ಬೆನ್ನು ತಿರುಗಿಸಿ ಪಂಚೆ ಎತ್ತತೊಡಗಿದ. ಕಜ್ಜಿಯವರು ಕೆರೆದುಕೊಳ್ಳುತ್ತಾ ಅವನ ಹಿಂದೆ ಸಾಲು ನಿಂತರು. ಭೇದಿಯಾಗುತ್ತಿದ್ದವನೊಬ್ಬ, "ಸ್ವಾಮಿ, ನಂದು ಅರ್ಜೆಂಟು!" ಎಂದು ಮುಂದೆ ನುಗ್ಗಿದ.

ಪುಟ್ಟಮಾದಪ್ಪ ಶಲ್ಯದಿಂದ ಮೂಗು ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಂತ. "ಚೀಟಿಯೂ ಬೇಡ, ಗೀಟಿಯೂ ಬೇಡ! ನರ್ಸಮ್ಮನ ಹತ್ರಾನೇ ಹೋಗ್ರಪ್ಪಾ!"

ಆ ದಿನ ಸಭೆಯಲ್ಲಿ ಒಬ್ಬರೂ ವಿರೋಧಿಸದೆ ಪಾಸಾದ ನಿರ್ಣಯ ಅದೊಂದೇ.