ದೊರೆಯ ತಲೆಗೇರಿದ ಊರ ರುಮಾಲು

ಒಂದು ಕಾಲದಲ್ಲಿ ಏಳು ಹಟ್ಟಿ ಸೇರಿ ಒಂದು ಊರಾಗಿತ್ತಂತೆ. ದನ ಸಾಕುವವರ ಊರು. ಅಲ್ಲಿ ರಾಜನಿಲ್ಲ, ರಾಣಿಯಿಲ್ಲ. ಯುಗಾದಿ ಕಳೆದ ಮಾರನೇ ದಿನ ಎಲ್ಲರೂ ಚಾವಡಿ ಮುಂದೆ ಕೂತು, ಕೈ ಎತ್ತಿ, ತಮ್ಮೊಳಗೊಬ್ಬನನ್ನು ಯಜಮಾನ ಅಂತ ಆರಿಸುತ್ತಿದ್ದರಂತೆ. ಮನೆಗೊಂದು ಎಳೆ ನೂಲು ತಂದು, ಅದರಲ್ಲೇ ರುಮಾಲು ನೇಯಿಸಿ ಅವನ ತಲೆಗೆ ಸುತ್ತುತ್ತಿದ್ದರಂತೆ. ರುಮಾಲು ಯಾರ ತಲೆ ಮೇಲಿದೆಯೋ ಅವನ ಮಾತೇ ಊರಿನ ಮಾತು ಅಂತ ಕಟ್ಟಳೆ. ಇನ್ನೊಂದು ಕಟ್ಟಳೆಯೂ ಇತ್ತು. ಮರೆಹೊಕ್ಕವರನ್ನು ಆ ಊರು ಬಿಟ್ಟುಕೊಡುತ್ತಿರಲಿಲ್ಲ.

ಆ ವರ್ಷ ಯಜಮಾನನಾದವನು ಪಾಲಯ್ಯ, ಕಾಟಮ್ಮ ಅನ್ನುವ ಮುದುಕಿಯ ಮಗ. ನಗುಮುಖದವನು, ಕೆಟ್ಟವನಲ್ಲ. ಎಂಥ ಜಗಳವನ್ನೂ ಒಂದು ಚೆಂಬು ಮಜ್ಜಿಗೆ ಕುಡಿಸಿ ಮುಗಿಸುತ್ತಿದ್ದನಂತೆ.

ಊರಿನ ನೆತ್ತಿಯ ಮೇಲೆ ಬೆಟ್ಟ, ಬೆಟ್ಟದ ಮೇಲೆ ಕೋಟೆ, ಕೋಟೆಯಲ್ಲೊಬ್ಬ ದೊರೆ. ಅವನ ಸುದ್ದಿ ಹೇಳುವುದಕ್ಕೆ ನನಗೇ ನಾಲಿಗೆ ಏಳುವುದಿಲ್ಲ. ಅವನ ಜನ ಅನ್ನವಿಲ್ಲದೆ ಸತ್ತರೆ, ಜ್ವರ ಬಂದು ಸತ್ತರು ಅಂತ ಡಂಗುರ ಹೊಡೆಸುತ್ತಿದ್ದನಂತೆ. ಡಂಗುರ ಸಾರುವ ಗಾದ್ರಯ್ಯ ಒಂದು ದಿನ, ಇಂಥ ಸುಳ್ಳು ನನ್ನ ಬಾಯಲ್ಲಿ ಬರುವುದಿಲ್ಲ ಅಂತ ತಮಟೆ ಕೆಳಗಿಟ್ಟು, ಬೆಟ್ಟ ಇಳಿದು ಓಡಿ ಬಂದ. ಪಾಲಯ್ಯನೇ ಅವನನ್ನು ಚಾವಡಿಯಲ್ಲಿ ಕೂರಿಸಿ, ಇನ್ನು ನೀನು ನಮ್ಮವನು ಅಂದ. ಗಾದ್ರಯ್ಯ ಹಟ್ಟಿಯ ಕರು ಮೇಯಿಸಿಕೊಂಡು ಉಳಿದ.

ದೊರೆ ಸುಮ್ಮನಿರುತ್ತಾನೆಯೇ? ಬೆಟ್ಟದ ಹುಲ್ಲುಗಾವಲಿಗೆ ಬೇಲಿ ಹಾಕಿಸಿದ. ಬೇಸಿಗೆಯಲ್ಲಿ ಏಳು ಹಟ್ಟಿಯ ದನಕ್ಕೂ ಅದೊಂದೇ ಹುಲ್ಲು. ದನ ಬಡಕಲಾದವು, ಮಕ್ಕಳಿಗೆ ಹಾಲಿಲ್ಲದಂತಾಯಿತು. ಹೋಗಿ ದೊರೆಯನ್ನು ಕಂಡು ಬಾ ಅಂತ ಊರೆಲ್ಲ ಕೈ ಎತ್ತಿ ಪಾಲಯ್ಯನನ್ನು ಹೊರಡಿಸಿತು. ಕಾಟಮ್ಮ ಬಾಗಿಲಲ್ಲಿ ನಿಂತು ಹೇಳಿದಳಂತೆ:

“ಹುಲ್ಲು ಕೇಳು ಮಗ. ಹುಲ್ಲಿಗೆ ಏನು ಕೊಡಬೇಕೋ ಕೇಳ್ಕೊಂಡು ಎದ್ದು ಬಾ. ಅವನ ಪಕ್ಕದಾಗೆ ಎಲೆ ಹಾಕ್ಕೊಂಡು ಕೂರಬ್ಯಾಡ.”

“ನಗ್ತಾ ಮಾತಾಡಿದ್ರೆ ಹುಲಿನೂ ಉಗುರು ಒಳಗಿಟ್ಕೊಳ್ತೈತೆ ಕಣವ್ವ,” ಅಂದ ಪಾಲಯ್ಯ.

ಕೋಟೆಯಲ್ಲಿ ದೊರೆ ಹೆಬ್ಬಾಗಿಲ ತನಕ ಬಂದು ತಬ್ಬಿಕೊಂಡ. ತನ್ನ ಕೈಯಾರೆ ತುಪ್ಪ ಬಡಿಸಿದ. ಚಿಕ್ಕಂದಿನಲ್ಲೇ ತಾಯಿ ಸತ್ತದ್ದನ್ನು ಹೇಳಿಕೊಂಡು ಕಣ್ಣೀರು ಹಾಕಿದ. ಇಂಥ ಮೆತ್ತಗಿನ ಮನುಷ್ಯನ ಮೇಲೆ ಜನ ಏನೇನೋ ಹೇಳುತ್ತಾರಲ್ಲ ಅಂತ ಪಾಲಯ್ಯನಿಗೆ ಅನ್ನಿಸಿತು. ಅನ್ನಿಸದೆ ಏನು? ಉಣ್ಣಲು ಕೂತವನಿಗೆ ಬಡಿಸುವ ಕೈ ಕಾಣುತ್ತದೆ, ಆ ಕೈ ಬೆಳಗಿನಿಂದ ಏನು ಮಾಡಿತು ಅನ್ನುವುದು ಕಾಣುವುದಿಲ್ಲ. ಊಟವಾದ ಮೇಲೆ ದೊರೆ, ಇವತ್ತಿನಿಂದ ನಾವು ಅಣ್ಣತಮ್ಮಂದಿರು, ರುಮಾಲು ಬದಲಾಯಿಸಿಕೊಳ್ಳೋಣ ಅಂದ. ಪಾಲಯ್ಯ ಹಿಂದೆಮುಂದೆ ನೋಡದೆ ಬಿಚ್ಚಿ ಕೊಟ್ಟ. ದೊರೆಯ ಜರಿ ರುಮಾಲು ಸುತ್ತಿಕೊಂಡು ಬೆಟ್ಟ ಇಳಿದ.

“ಊರಿನ ರುಮಾಲು ಎಲ್ಲೋ ಮಗ?” ಅಂದಳು ಕಾಟಮ್ಮ.

“ಅಣ್ಣನ ತಲೆ ಮ್ಯಾಲೈತೆ.”

ಅವತ್ತು ಅವಳು ಉಣ್ಣಲಿಲ್ಲವಂತೆ.

ಬೇಲಿ ಕಿತ್ತರು. ದನ ಬೆಟ್ಟ ಹತ್ತಿದವು, ಮೈ ತುಂಬಿಕೊಂಡವು. ಊರಿಗೆ ಊರೇ ಪಾಲಯ್ಯನನ್ನು ಹೊಗಳಿತು, ಮುದುಕಿಯನ್ನು ನೋಡಿ ನಕ್ಕಿತು. ನೀವಿದ್ದರೂ ನಗುತ್ತಿದ್ದಿರಿ ಬಿಡಿ, ನಾನೂ ನಗುತ್ತಿದ್ದೆ. ಮಗುವಿನ ಬಾಯಿಗೆ ಹಾಲು ಬಿದ್ದ ಮೇಲೆ ಮುದುಕಿಯ ಮಾತು ಯಾರಿಗೆ ಬೇಕು?

ಹೀಗಿರುವಾಗ ಒಂದು ಬೆಳಿಗ್ಗೆ ದೊರೆಯೇ ಬಂದ. ದಂಡಿಲ್ಲ, ದಾಳಿಯಿಲ್ಲ, ಜೊತೆಗೆ ನಾಲ್ಕೇ ಕುದುರೆ. ತಲೆ ಮೇಲೆ ಊರಿನ ನೂಲಿನ ರುಮಾಲು. ಚಾವಡಿಯ ಕಟ್ಟೆ ಹತ್ತಿ ಕೂತು, ಗಾದ್ರಯ್ಯನನ್ನು ಒಪ್ಪಿಸಿ ಅಂದ. ಅವನು ಮರೆಹೊಕ್ಕವನು, ಊರು ಕೊಡುವುದಿಲ್ಲ ಅಂತ ಪಾಲಯ್ಯ ಕೈ ಮುಗಿದ.

“ರುಮಾಲು ಯಾರ ತಲೆ ಮೇಲಿದೆಯೋ ಅವನ ಮಾತೇ ಊರಿನ ಮಾತಲ್ಲವೇ ತಮ್ಮಾ?” ಅಂದ ದೊರೆ.

ಕಾಟಮ್ಮ ಎದ್ದಳು. “ಅದನ್ನ ಊರು ನಿನಗೆ ಕೊಡ್ಲಿಲ್ಲ, ನನ್ನ ಮಗ ಕೊಟ್ಟ. ಕೊಡೋಕೆ ಅದು ಅವನದಲ್ಲ.”

ದೊರೆ ಅವಳ ಕಡೆ ತಿರುಗಲೂ ಇಲ್ಲ. ನಿಮ್ಮ ದನ ಈಗ ಎಲ್ಲಿವೆ ಅಂತ ಮೆಲ್ಲಗೆ ಕೇಳಿದನಂತೆ. ಎಲ್ಲಿರುತ್ತವೆ? ಏಳು ಹಟ್ಟಿಯ ದನವೂ ಅವನ ಬೆಟ್ಟದ ಮೇಲೆ. ಕೊಡಬಾರದು ಅನ್ನುವವರು ಕೈ ಎತ್ತಿ ಅಂದಳು ಕಾಟಮ್ಮ. ಅವಳದೊಂದು ಕೈ ಮೇಲೆ ಹೋಯಿತು. ಇನ್ನೊಂದು ಏಳಲಿಲ್ಲ. ಅವಳ ಮಗನೂ ನೆಲ ನೋಡುತ್ತ ನಿಂತಿದ್ದ.

ಗಾದ್ರಯ್ಯ ಕೈಯಲ್ಲಿದ್ದ ಕರುವನ್ನು ಕಂಬಕ್ಕೆ ಕಟ್ಟಿ ತಾನೇ ನಡೆದು ಬಂದ. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಊರ ಗಡಿ ದಾಟುವ ಮುಂಚೆಯೇ ಅವನನ್ನು ಕಡಿದು ಹಾಕಿದರಂತೆ. ಸಂಜೆ ದನ ಕೆಚ್ಚಲು ತುಂಬಿಕೊಂಡು ಮನೆಗೆ ಬಂದವು. ಹಾಲು ಕರೆದರು, ಕುಡಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಪಾಲಯ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ. ರುಮಾಲು ಅಲ್ಲಿರುವ ತನಕ ದೊರೆ ಮತ್ತೆ ಬರುತ್ತಾನೆ, ಮತ್ತೊಬ್ಬರನ್ನು ಕೇಳುತ್ತಾನೆ. ಜರಿ ರುಮಾಲನ್ನು ಕಂಕುಳಲ್ಲಿ ಇಟ್ಟುಕೊಂಡು, ಇದನ್ನು ಕೊಟ್ಟು ನಮ್ಮದನ್ನು ತರುತ್ತೇನೆ ಅಂತ ಹೊರಟ. ಕಾಟಮ್ಮ ಅಡ್ಡ ನಿಂತಳು, ಕಾಲು ಹಿಡಿದುಕೊಂಡಳು.

“ಎಷ್ಟಾದ್ರೂ ನನ್ನ ಜೊತೆ ಉಂಡವನು ಅವ್ವ. ಕೇಳಿದ್ರೆ ಇಲ್ಲ ಅನ್ನಲ್ಲ,” ಅಂದ.

ದೊರೆ ಇಲ್ಲ ಅನ್ನಲಿಲ್ಲ. ಮಾರನೇ ದಿನ ಕುದುರೆಯವನೊಬ್ಬ ಬಂದು ಚಾವಡಿಯ ಮೇಲೆ ಗಂಟೊಂದನ್ನು ಇಟ್ಟ. ತಮ್ಮ ಕೇಳಿದ, ಅಣ್ಣ ಕಳಿಸಿದ್ದಾನೆ ಅಂತ ಹೇಳಿ ಹೋದ. ಬಿಚ್ಚಿದರೆ ಊರಿನದೇ ರುಮಾಲು. ಒಳಗೆ ಪಾಲಯ್ಯನ ತಲೆ.

ಬೆಟ್ಟಕ್ಕೆ ಮತ್ತೆ ಬೇಲಿ ಬಿತ್ತು. ಯುಗಾದಿ ಬಂದಾಗ ಯಜಮಾನನಾಗಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಊರು ಕಾಟಮ್ಮನನ್ನೇ ಆರಿಸಿತಂತೆ. ವಾರ ಕಳೆಯುವುದರೊಳಗೆ ದೊರೆಯ ಕಡೆಯವನು ಪೀತಾಂಬರ, ಹಣ್ಣು ಹೊತ್ತು ಬಂದ. ಆದದ್ದು ಆಗಿಹೋಯಿತು, ದೊರೆ ನಿಮ್ಮನ್ನು ತಾಯಿ ಅಂತಿದ್ದಾರೆ, ಊಟಕ್ಕೆ ಬರಬೇಕಂತೆ ಅಂದ. ಊರಿಗೆ ಹುಲ್ಲು ಬೇಕಿತ್ತು. ಎಲ್ಲರೂ ಮುದುಕಿಯ ಬಾಯಿ ನೋಡುತ್ತ ನಿಂತರು.

“ಹುಲ್ಲಿಗೆ ಎಷ್ಟು ತುಪ್ಪ ಬೇಕು ಅಂತ ಕೇಳ್ಕೊಂಡು ಬಾ, ಅಳೆದು ಕಳಿಸ್ತೀವಿ,” ಅಂದಳು ಕಾಟಮ್ಮ. “ಸ್ನೇಹಕ್ಕೆ ಕಳಿಸೋಕೆ ನನ್ನ ಹತ್ರ ಇನ್ನೊಬ್ಬ ಮಗ ಇಲ್ಲ.”

ತುಪ್ಪ ದೊರೆಗೂ ಬೇಕಿತ್ತು. ಬೇಲಿ ತೆಗೆದನಂತೆ.

ಅವರ ದನ ಅವರ ಬೆಟ್ಟದಲ್ಲಿ, ನಮ್ಮ ಕಥೆ ನಮ್ಮ ಕಟ್ಟೆಯಲ್ಲಿ. ಹೂಂ ಅಂದವರೆಲ್ಲ ಎದ್ದು ಮನೆಗೆ ಹೋಗಿ.