ಎರಡು ದಂಡು, ಒಂದು ಉಪ್ಪುಗಲ್ಲು

ಒಂದು ಕಾಡಿನಲ್ಲಿ ಅಂತ ಶುರು ಮಾಡುವುದು ರೂಢಿ. ಆದರೆ ಇದು ಮೂರು ಕಾಡುಗಳ ಕಥೆ, ನಾನೇನು ಮಾಡಲಿ. ಮೂಡಣ ಕಾಡು ಆನೆಗಳದು. ಪಡುವಣ ಕಾಡು ಕಾಡುಕೋಣಗಳದು. ಎರಡರ ನಡುವೆ ಅಂಗೈಯಷ್ಟು ಜಾಗ, ಅದರ ಹೆಸರು ನಡುಗಾಡು. ಅಲ್ಲಿದ್ದವರೆಲ್ಲ ಮೊಲ, ಅಳಿಲು, ಮರಕುಟಿಕದಂಥ ಸಣ್ಣಪುಟ್ಟವರು.

ಒಂದು ಬೇಸಿಗೆಯಲ್ಲಿ ಆನೆಗಳಿಗೂ ಕೋಣಗಳಿಗೂ ಯುದ್ಧ ಹತ್ತಿಕೊಂಡಿತು. ಕೋಣದ ಮದುವೆಯಲ್ಲಿ ಆನೆ ಸೀನಿತಂತೆ. ಆನೆಯ ಮದುವೆಯಲ್ಲಿ ಕೋಣ ಸೀನಿತು ಅನ್ನುವವರೂ ಇದ್ದಾರೆ. ಎರಡೂ ಮದುವೆಗೆ ನಾನು ಹೋಗಿದ್ದೆ, ಗಮನವೆಲ್ಲ ಊಟದ ಕಡೆ ಇತ್ತು, ಸೀನು ಕೇಳಿಸಲಿಲ್ಲ. ಆನೆಗಳ ಕಡೆ ಹಂದಿಗಳು ಸೇರಿದವು. ಕೋಣಗಳ ಕಡೆ ಕರಡಿಗಳು ಸೇರಿದವು. ನದಿಯಾಚೆಯ ಮೊಸಳೆಗಳೂ ಬೆಟ್ಟದಾಚೆಯ ಹದ್ದುಗಳೂ ಒಂದೊಂದು ಪಕ್ಷ ಹಿಡಿದವು. ಲೋಕವೇ ಎರಡು ಪಾಲಾಯಿತು. ನಡುಗಾಡು ಮಾತ್ರ ನಡುವೆ ಉಳಿಯಿತು.

ಅಲ್ಲೊಂದು ಉಪ್ಪುಗುಂಡಿ ಇತ್ತು. ಸುತ್ತಲ ಏಳು ಹರದಾರಿಗೆ ಉಪ್ಪು ಸಿಗುವ ಜಾಗ ಅದೊಂದೇ. ಗುಂಡಿಯ ದಂಡೆಯಲ್ಲೇ ಮುಳ್ಳುಹಂದಿ ದ್ಯಾವಕ್ಕನ ಬಿಲ. ಒಳಗೆ ಅವಳ ಎರಡು ಮರಿಗಳು, ಹುಟ್ಟಿ ಇನ್ನೂ ನಾಲ್ಕೇ ದಿನವಾಗಿತ್ತು. ದಂಡುಗಳು ಅಲ್ಲಿ ಬಂದು ಕಾದಾಡಿದರೆ ಬಿಲ ಕುಸಿದು ಮರಿಗಳು ಮಣ್ಣುಪಾಲು.

ನಡುಗಾಡಿನವರು ಸಭೆ ಸೇರಿದರು. ಯಾರ ಪಕ್ಷವನ್ನೂ ಹಿಡಿಯುವುದು ಬೇಡ ಎಂದು ತೀರ್ಮಾನಿಸಿದರು. ಒಳಗಿನ ಉಸ್ತುವಾರಿಯನ್ನು ದ್ಯಾವಕ್ಕನಿಗೆ ವಹಿಸಿದರು. ಹೊರಗಿನವರ ಹತ್ತಿರ ಮಾತಾಡಲು ನಯವಾದ ನಾಲಿಗೆ ಬೇಕಲ್ಲ, ಅದಕ್ಕೆ ಗುಳ್ಳೆನರಿ ಸಂಪಣ್ಣನನ್ನು ಮಂತ್ರಿ ಮಾಡಿದರು.

"ಹೋಗಿ ಒಂದೇ ಮಾತು ಹೇಳಿ ಬಾ, ಸಂಪಣ್ಣ. ನಾವು ಯಾರ ಕಡೆಯೂ ಅಲ್ಲ," ಎಂದಳು ದ್ಯಾವಕ್ಕ.

"ಅಷ್ಟೇನಾ ಅಕ್ಕ? ಅಷ್ಟಕ್ಕೆ ಗಿಳಿ ಸಾಕಿತ್ತು," ಎಂದು ಸಂಪಣ್ಣ ಬಾಲ ಕುಣಿಸುತ್ತ ಹೋದ.

ಕಾಡಿನಲ್ಲಿ ಕಾಗದ ಪತ್ರ ಇಲ್ಲ. ಇಬ್ಬರು ಒಪ್ಪಂದ ಮಾಡಿಕೊಂಡರೆ ಒಂದೇ ಉಪ್ಪುಗಲ್ಲನ್ನು ಇಬ್ಬರೂ ನೆಕ್ಕಬೇಕು. ನೆಕ್ಕಿದ ಮೇಲೆ ಅವರು ಒಂದೇ ಮನೆಯವರು. ಆ ಕಲ್ಲನ್ನು ಬೇರೆಯವರ ನಾಲಿಗೆಗೆ ಒಡ್ಡುವಂತಿಲ್ಲ.

ಸಂಪಣ್ಣ ಗುರುತಿಗೆಂದು ದ್ಯಾವಕ್ಕನಿಂದ ಕೇಳಿ ಪಡೆದ ಒಂದು ಕಲ್ಲು ಕಚ್ಚಿಕೊಂಡು ಆನೆಗಳ ದಳಪತಿ ಭರಮಪ್ಪನ ಮುಂದೆ ನಿಂತ. "ಒಡೆಯಾ, ನಾವು ಒಳಗೊಳಗೇ ನಿಮ್ಮವರು. ಯುದ್ಧ ಗೆದ್ದ ಮೇಲೆ ಉಪ್ಪುಗುಂಡಿ ನಿಮಗೊಬ್ಬರಿಗೇ. ಕೋಣಗಳು ಎದುರಾದರೆ ನಿಮ್ಮ ದಂಡಿನ ಮುಂದೆ ಮೊದಲು ನಿಲ್ಲುವವನು ನಾನು. ಅಲ್ಲಿಯವರೆಗೆ ಯಾರೂ ಆ ಕಡೆ ಬರಬೇಡಿ, ಗುಟ್ಟು ರಟ್ಟಾಗುತ್ತದೆ."

ಭರಮಪ್ಪ ಕಲ್ಲು ನೆಕ್ಕಿದ. ಖುಷಿಯಿಂದ ಎರಡು ಹಲಸಿನ ಹಣ್ಣು ಕೊಟ್ಟ.

ದಾರಿಯಲ್ಲಿ ಸಂಪಣ್ಣ ಯೋಚಿಸಿದ. ಒಂದು ಸುಳ್ಳಿಗೆ ಎರಡು ಹಲಸು. ಅದೇ ಸುಳ್ಳನ್ನು ಪಡುವಣಕ್ಕೂ ಒಯ್ದರೆ? ಆದರೆ ಇನ್ನೊಂದು ಕಲ್ಲು ಬೇಕಾದರೆ ದ್ಯಾವಕ್ಕನನ್ನು ಕೇಳಬೇಕು. ಅವಳು ಯಾಕೆ, ಏನು ಅಂತಾಳೆ. ಹಾಗಾಗಿ ಹಳೆಯ ಕಲ್ಲನ್ನೇ ಹಳ್ಳದಲ್ಲಿ ತೊಳೆದು ಕೋಣಗಳ ದಳಪತಿ ಕೆಂಚಣ್ಣನ ಹತ್ತಿರ ಹೋದ. ಅದೇ ಮಾತು, ಅದೇ ಕಲ್ಲು. ಕೆಂಚಣ್ಣನೂ ನೆಕ್ಕಿದ. ಕರಡಿಗಳಿಂದ ಒಂದು ಜೇನುತಟ್ಟಿ ಕೊಡಿಸಿದ.

ಅಂದಿನಿಂದ ಒಪ್ಪಂದ ಹಳಸಬಾರದು ಎಂಬ ನೆಪದಲ್ಲಿ ವಾರಕ್ಕೊಮ್ಮೆ ಎರಡೂ ಕಡೆ ಹೋಗಿ ನೆಕ್ಕಿಸಿ ಬರತೊಡಗಿದ.

ಮನೆಯ ಕಡೆ ಮಾತ್ರ ಬೇರೆಯೇ ರಾಗ. "ಶತ್ರು ಬಾಗಿಲಲ್ಲಿದ್ದಾನೆ. ಎಲ್ಲರೂ ಅರೆಹೊಟ್ಟೆ ಉಣ್ಣಿ. ಉಳಿದದ್ದನ್ನು ರಕ್ಷಣಾ ಉಗ್ರಾಣಕ್ಕೆ ತನ್ನಿ," ಎಂದು ಸಾರಿದ. ಉಗ್ರಾಣ ಅಂದರೆ ಅವನ ಗವಿ. ಮೊಲಗಳು ಅರ್ಧ ಗೆಣಸು ತಂದುಕೊಟ್ಟವು. ಒಣಗಿದ ಎಲೆ ತುಳಿದು ಸದ್ದು ಮಾಡಬಾರದು ಎಂದು ಅಳಿಲುಗಳು ದಿನವಿಡೀ ಎಲೆ ಗುಡಿಸಿದವು. ಮರಕುಟಿಕಗಳಿಗೆ ಸದ್ದಿಲ್ಲದೆ ಮರ ಕುಟ್ಟಿ ಎಂದು ಅಪ್ಪಣೆಯಾಯಿತು. ಪಾಪ, ಎರಡೇ ವಾರದಲ್ಲಿ ಅವು ಕೊಕ್ಕಿಗಿಂತ ತೆಳ್ಳಗಾದವು.

ಸಂಪಣ್ಣ ಮಾತ್ರ ಗುಂಡಗಾಗುತ್ತಿದ್ದ.

"ಮೀಸೆಗೆ ಏನೋ ಅಂಟಿದೆಯಲ್ಲೋ," ಎಂದಳು ದ್ಯಾವಕ್ಕ ಒಂದು ದಿನ.

"ಬೆವರು ಅಕ್ಕ. ನಾಡಿನ ಚಿಂತೆ ಹೆಚ್ಚಾದರೆ ಬೆವರು ಅಂಟಾಗುತ್ತೆ."

"ಇರುವೆಗಳು ಸಾಲುಗಟ್ಟಿವೆ."

"ಅವಕ್ಕೂ ನಾಡಿನ ಚಿಂತೆ ಇರುತ್ತೆ ಅಕ್ಕ."

ಮೂರನೆಯ ವಾರ ಭರಮಪ್ಪ ನೆಕ್ಕುವ ಮೊದಲು ಕಲ್ಲಿನ ಮೇಲೆ ಸೊಂಡಿಲಾಡಿಸಿದ. ಆನೆಯ ಸೊಂಡಿಲು ಅಂದರೆ ಸಾಮಾನ್ಯವೇ? ಹೋದ ವರ್ಷ ಯಾರು ಎಲ್ಲಿ ಮಜ್ಜಿಗೆ ಕುಡಿದರು ಅಂತಲೂ ಅದು ಹೇಳುತ್ತೆ.

"ಮಂತ್ರಿಗಳೇ, ಈ ಕಲ್ಲಿಗೆ ಕೋಣದ ಎಂಜಲು ತಾಗಿದೆ," ಎಂದ ಭರಮಪ್ಪ.

ಸಂಪಣ್ಣನ ಬಾಲ ತಣ್ಣಗಾಯಿತು. ನಾಲಿಗೆ ಮಾತ್ರ ಓಡುತ್ತಲೇ ಇತ್ತು. "ಏನು ಹೇಳಲಿ ಒಡೆಯಾ. ಕೋಣಗಳು ನಮ್ಮ ಗುಂಡಿಗೆ ಕದ್ದು ಬರುತ್ತಿವೆ. ಬಲವಂತವಾಗಿ ನೆಕ್ಕಿಬಿಟ್ಟವು."

ಆ ಸುಳ್ಳಿನಿಂದ ಅವನೇನೋ ತಪ್ಪಿಸಿಕೊಂಡ. "ಹಾಗಾದರೆ ನಾಳೆ ಬೆಳಿಗ್ಗೆ ನಮ್ಮ ದಂಡು ಗುಂಡಿ ಕಾಯಲು ಬರುತ್ತದೆ," ಎಂದ ಭರಮಪ್ಪ. ಹದ್ದುಗಳು ಈ ಸುದ್ದಿಯನ್ನು ಪಡುವಣಕ್ಕೆ ಮುಟ್ಟಿಸಿದವು. ನಮ್ಮ ಗುಂಡಿಯನ್ನು ಆನೆ ನುಂಗುವುದೇ ಎಂದು ಕೆಂಚಣ್ಣನೂ ದಂಡು ಕಟ್ಟಿದ.

ಬೆಳಗಾಯಿತು. ಗುಂಡಿಯ ಈ ಕಡೆ ಆನೆಗಳು, ಆ ಕಡೆ ಕೋಣಗಳು. ನೆಲ ನಡುಗಿ ಬಿಲದ ಬಾಯಿಂದ ಮಣ್ಣು ಉದುರಿತು. ಒಳಗೆ ಮರಿಗಳು ಕಿಂಯ್ ಎಂದವು. ದ್ಯಾವಕ್ಕ ಮುಳ್ಳು ಕೆದರಿಕೊಂಡು ಬಿಲಕ್ಕೆ ಅಡ್ಡ ನಿಂತಳು. ಸಂಪಣ್ಣ ಪೊದೆಯ ಹಿಂದೆ ಅಡಗಿದ್ದ.

"ಎಲ್ಲಿ ನಮ್ಮ ಸಂಪಣ್ಣ? ಮುಂದೆ ನಿಲ್ಲುತ್ತೇನೆ ಎಂದಿದ್ದ," ಎಂದು ಭರಮಪ್ಪ ಕೇಳಿದ.

"ನಿಮ್ಮವನು ಹೇಗಾಗುತ್ತಾನೆ? ಅವನು ನಮ್ಮ ದಂಡಿನ ಮುಂದೆ ನಿಲ್ಲುವವನು," ಎಂದ ಕೆಂಚಣ್ಣ.

ಭರಮಪ್ಪ ಸೊಂಡಿಲು ನೀಡಿ ಪೊದೆಯಿಂದ ಅವನನ್ನು ಎತ್ತಿ ತನ್ನ ದಂಡಿನ ಮುಂದೆ ಇಟ್ಟ. ನೋಡಿದರೆ ಅದು ಕೋಣಗಳ ದಂಡಿಗೂ ಮುಂದೆಯೇ. ಈ ಕಡೆ ದಂತ, ಆ ಕಡೆ ಕೊಂಬು, ನಡುವೆ ಮಂತ್ರಿ.

"ಹೂಂ, ಹೊರಡು. ಮೊದಲು ನೀನು ಹಾಯಿ, ಹಿಂದೆ ನಾವಿದ್ದೇವೆ," ಎಂದರು ಇಬ್ಬರು ದಳಪತಿಗಳೂ.

ಸಂಪಣ್ಣ ಈ ಕಡೆ ಒಂದು ಹೆಜ್ಜೆ ಇಟ್ಟ. ಆ ಕಡೆ ಒಂದು ಹೆಜ್ಜೆ ಇಟ್ಟ. ಕೊನೆಗೆ ದೊಪ್ಪೆಂದು ಕುಳಿತ. "ಅಕ್ಕ, ಏನಾದರೂ ಹೇಳು," ಎಂದ.

"ಹೇಳಬೇಕಾದವನು ನೀನು. ಸಭೆ ಕಳಿಸಿದ ಮಾತು ಏನಿತ್ತು?" ಎಂದಳು ದ್ಯಾವಕ್ಕ.

"ನಾವು ಯಾರ ಕಡೆಯೂ ಅಲ್ಲ ಅಂತ."

"ನೀನು ಹೇಳಿದ್ದೇನು?"

ಸಂಪಣ್ಣ ದಂತ ನೋಡಿದ, ಕೊಂಬು ನೋಡಿದ. ಬೇರೆ ದಾರಿ ಕಾಣದೆ ಎಲ್ಲವನ್ನೂ ಒದರಿದ. ಹಲಸು, ಜೇನು, ಒಂದೇ ಕಲ್ಲು, ಹಳ್ಳದ ನೀರು, ಗವಿಯ ಉಗ್ರಾಣ, ಒಂದನ್ನೂ ಬಿಡಲಿಲ್ಲ. ಕೇಳುತ್ತ ಕೇಳುತ್ತ ಮರಕುಟಿಕವೊಂದು ಸಿಟ್ಟಿಗೆ ಟಕಟಕ ಎಂದು ಮರ ಕುಟ್ಟಿತು. ಯಾರೂ ಸುಮ್ಮನಿರು ಅನ್ನಲಿಲ್ಲ.

"ಮೂರು ವಾರ ಆನೆಯ ಎಂಜಲು ನೆಕ್ಕಿದೆನೇ ನಾನು?" ಎಂದು ಕೆಂಚಣ್ಣ ಮುಖ ಸಿಂಡರಿಸಿದ.

"ನನಗೇನು ಬೆಲ್ಲ ಸಿಕ್ಕಿತಾ?" ಎಂದ ಭರಮಪ್ಪ.

ದ್ಯಾವಕ್ಕ ಗುಂಡಿಯಿಂದ ಎರಡು ದೊಡ್ಡ ಹೆಂಟೆ ಉಪ್ಪುಮಣ್ಣು ಕೆದರಿ ಇಬ್ಬರ ಮುಂದೂ ಉರುಳಿಸಿದಳು. "ಧಣಿಗಳೇ, ಗುಂಡಿ ಮಾರುವುದಕ್ಕಿಲ್ಲ, ಕೊಡುವುದಕ್ಕೂ ಇಲ್ಲ. ನೆಕ್ಕುವುದಕ್ಕೆ ಇದೆ. ಆನೆಗಳು ಬೆಳಿಗ್ಗೆ ಬನ್ನಿ, ಕೋಣಗಳು ಸಂಜೆ ಬನ್ನಿ. ಜಗಳವನ್ನು ಗಡಿಯಾಚೆ ಬಿಟ್ಟು ಬನ್ನಿ. ಇಲ್ಲೇ ಕಾದಾಡುತ್ತೀರಾದರೆ ಗುಂಡಿ ಮುಚ್ಚಿಹೋಗುತ್ತದೆ. ಗೆದ್ದವರೂ ಸಪ್ಪೆ ಮೇವೇ ತಿನ್ನಬೇಕು."

ಮೂರು ವಾರದಿಂದ ಎರಡೂ ದಂಡಿಗೆ ಸರಿಯಾಗಿ ಉಪ್ಪು ಸಿಕ್ಕಿರಲಿಲ್ಲ. ಬಾಯಲ್ಲಿ ನೀರೂರಿತು. ಭರಮಪ್ಪ ನೆಕ್ಕಿದ, ಕೆಂಚಣ್ಣನೂ ನೆಕ್ಕಿದ. ಎರಡೂ ದಂಡುಗಳು ಅವರ ಹಿಂದೆ ಸಾಲು ನಿಂತವು. ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕಲ್ಲ, ಎಲ್ಲರೂ ತಂತಮ್ಮ ಹೊಳೆ ಹುಡುಕಿಕೊಂಡು ಹೊರಟರು. ಯುದ್ಧ ಅಂದೇ ಮುಗಿಯಿತು ಅಂದರೆ ನೀವೂ ನಂಬಬೇಡಿ. ಬೇರೆ ಕಡೆ ಇನ್ನೂ ಬಹಳ ದಿನ ನಡೆಯಿತು. ನಡುಗಾಡಿನ ನೆಲದಲ್ಲಿ ಮಾತ್ರ ನಡೆಯಲಿಲ್ಲ.

ಗವಿಯಲ್ಲಿದ್ದುದನ್ನೆಲ್ಲ ಅವರವರ ಮನೆಗೆ ಹಂಚಿದರು. ಸಂಪಣ್ಣನ ಮಂತ್ರಿಗಿರಿ ಹೋಯಿತು. ಸಭೆಯ ತೀರ್ಮಾನವನ್ನು ಬಂಡೆಯ ಮೇಲೆ ನಿಂತು, ಎರಡೂ ಗಡಿಗೆ ಒಟ್ಟಿಗೇ ಕೇಳುವಂತೆ ಕೂಗುವ ಕೆಲಸ ಅವನ ಪಾಲಿಗೆ ಬಂತು.

"ಅಕ್ಕ, ಆನೆಗಳ ಕಡೆ ತಿರುಗಿದಾಗ ಮಾತಿಗೆ ಸ್ವಲ್ಪ ಸಿಹಿ ಬೆರೆಸಲಾ?" ಎಂದು ಮೊದಲ ದಿನವೇ ಕೇಳಿದ.

"ಸಿಹಿ ಬೇಡ ಸಂಪಣ್ಣ, ಕೇಳಿಸಿದರೆ ಸಾಕು," ಎಂದಳು ದ್ಯಾವಕ್ಕ. ಮರಿಗಳಿಗೆ ಆಗ ತಾನೇ ನಿದ್ದೆ ಹತ್ತಿತ್ತು. "ಮರಿಗಳು ಎದ್ದರೂ ಚಿಂತೆಯಿಲ್ಲ, ಜೋರಾಗಿಯೇ ಕೂಗು."

ನೀತಿ: ಇಬ್ಬರು ಹಗೆಗಳಿಗೂ ಗುಟ್ಟಾಗಿ ಮಾತು ಕೊಟ್ಟವನು ಕೊನೆಗೆ ಇಬ್ಬರ ನಡುವೆಯೇ ಸಿಕ್ಕಿಬೀಳುತ್ತಾನೆ, ಎಲ್ಲರಿಗೂ ಕೇಳುವಂತೆ ಆಡಿದ ನೇರ ಮಾತೇ ಸಣ್ಣವರಿಗೆ ದೊಡ್ಡ ಕಾವಲು.