ಏರಿಗೆ ಕಲ್ಲು ಬೇಡಿದ ನೀರಗಂಟಿ

"ಕೇಳ್ರಪ್ಪೋ ಕೇಳಿ! ಹೊನ್ನಗಿರಿಯ ಮಹಾರಾಜರ ವಿಜಯಸ್ತಂಭ ಮುಗಿಯುವ ತನಕ ಬೊಕ್ಕಸದ ಹಣ ಬೇರೆ ಯಾವುದಕ್ಕೂ ಇಲ್ಲ. ಬೇಕೇ ಬೇಕು ಅನ್ನುವವರು ಅರಮನೆಗೆ ಬಂದು ಮೂರು ಒಗಟು ಬಿಡಿಸಬೇಕು. ಬಿಡಿಸಿದರೆ ಕೇಳಿದ್ದು ಸಿಕ್ಕೀತು, ತಪ್ಪಿದರೆ ತಲೆ ಹೋದೀತು!"

ಡಂಗುರ ನೇರಳಕೆರೆಗೂ ಬಂತು. ಮಹಾರಾಜರು ಗೆದ್ದ ಯುದ್ಧ ಯಾವುದೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಕೆರೆಯ ತೂಬು ತೆಗೆದು ಮುಚ್ಚುವ ನೀರಗಂಟಿ ಜವರ ಮಾತ್ರ ಡಂಗುರದವನ ಹಿಂದೆ ಬಹಳ ದೂರ ನಡೆದುಹೋದ. ಕೆರೆಯ ಏರಿ ಬಿರುಕು ಬಿಟ್ಟಿತ್ತು. ಒಳಗೆ ಕೈ ಹಾಕಿದರೆ ಹೆಗಲ ತನಕ ಹೋಗುತ್ತಿತ್ತು. ಏರಿಯ ಕೆಳಗೆ ಅರವತ್ತು ಮನೆ. ಅವನು ಅರಮನೆಗೆ ಮೂರು ಸಲ ಮನವಿ ಬರೆಸಿ ಕಳಿಸಿದ್ದ. ಮೂರು ಸಲವೂ ಬಂದದ್ದು ಒಂದೇ ಉತ್ತರ: ಸ್ತಂಭ ಮುಗಿಯಲಿ.

"ಓದು ಬಲ್ಲವರೇ ತಲೆ ಕೊಡ್ತಾ ಅವ್ರಂತೆ, ನಿಮಗ್ಯಾಕೆ ಇದೆಲ್ಲ?" ಅಂದಳು ಹೆಂಡತಿ ಚಿಕ್ಕತಾಯಿ.

"ಮೋಡ ನೋಡ್ದ್ಯಾ? ನಾನು ಹೋಗದಿದ್ರೆ ಇನ್ಯಾರು ಹೋಗ್ತಾರೆ ಹೇಳು."

ಅವಳು ಒಳಗೆ ಹೋಗಿ ದಾರಿಗೆ ರೊಟ್ಟಿ ತಟ್ಟಲು ಕೂತಳು.

ಸಭೆಯಲ್ಲಿ ರಾಜನ ಎದುರು ಒಗಟು ಬಿಡಿಸಲು ಜವರನಿಗಿಂತ ಮುಂಚೆ ಇಬ್ಬರಿದ್ದರು. ಒಗಟು ಕಟ್ಟಿ ಕೇಳುವವಳು ರಾಜಕುಮಾರಿ ಸೋಮಲೆ. ತಲೆ ತೆಗೆಯುವ ಮಾತು ಅವಳಿಗೆ ತಿಳಿದದ್ದೇ ಡಂಗುರ ಹೊರಟ ಮೇಲೆ, ಕಾಲು ಹಿಡಿದರೂ ತಂದೆ ಕೇಳಲಿಲ್ಲ ಎಂದು ಕಾವಲಿನವರು ಪಿಸುಗುಟ್ಟುತ್ತಿದ್ದರು. ಅವಳ ಕಣ್ಣು ಊದಿಕೊಂಡಿತ್ತು.

ಮೊದಲನೆಯವರು ಮುದಿ ಪಂಡಿತರು. ಗಡಿಯೂರುಗಳಿಗೆ ಒಂದು ಔಷಧಶಾಲೆ ಕೇಳಲು ಬಂದಿದ್ದರು. ಸೋಮಲೆ ಕೇಳಿದಳು: "ಸಾವಿರ ಕೈ ತುಂಬುತ್ತವೆ, ಒಂದು ಕೈ ಬರಿದು ಮಾಡುತ್ತದೆ. ಬರಿದು ಮಾಡುವವನು ನನ್ನದು ಅನ್ನುತ್ತಾನೆ, ತುಂಬಿದವರು ನಮ್ಮದು ಅನ್ನಲು ಹೆದರುತ್ತಾರೆ. ಏನದು?"

"ಜೇನುಗೂಡು."

"ಜೇನು ಹೆದರುವುದಿಲ್ಲ ಪಂಡಿತರೇ, ಕಚ್ಚುತ್ತದೆ," ಅನ್ನುವಾಗ ಅವಳ ದನಿ ಒಡೆಯಿತು. ಭಟರು ಪಂಡಿತರನ್ನು ಎಳೆದೊಯ್ದರು. ಅವರ ಬೇರುನಾರಿನ ಚೀಲ ನೆಲದ ಮೇಲೆಯೇ ಉಳಿಯಿತು. ಯಾರೂ ಅದನ್ನು ಎತ್ತಿಡಲಿಲ್ಲ.

ಎರಡನೆಯವನು ಸಂತೆಗೆ ರಸ್ತೆ ಕೇಳಲು ಬಂದ ವರ್ತಕ. ಮೊದಲ ಒಗಟಿಗೆ "ಬೊಕ್ಕಸ" ಎಂದು ತಗ್ಗಿದ ದನಿಯಲ್ಲಿ ಹೇಳಿ ಗೆದ್ದ. ಸೋಮಲೆ ಎರಡನೆಯದು ಕೇಳಿದಳು: "ಉಣಿಸಿದಷ್ಟೂ ಹಸಿಯುತ್ತದೆ. ಕಲ್ಲು ತಿನ್ನುತ್ತದೆ, ಹೊನ್ನು ತಿನ್ನುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ."

"ಬೆಂಕಿ!"

"ಬೆಂಕಿ ಕಲ್ಲು ತಿನ್ನುವುದಿಲ್ಲವಲ್ಲ ಅಣ್ಣ..."

ವರ್ತಕನ ಕೂಗು ಅಂಗಳ ದಾಟುವ ತನಕ ಕೇಳಿಸಿತು. ಜವರ ಓಡಿಹೋಗೋಣವೆಂದು ತಿರುಗಿದರೆ ಹಿಂದೆ ಬಾಗಿಲು ಹಾಕಿತ್ತು.

ಮೊದಲನೆಯದಕ್ಕೆ ಅವನೂ ಬೊಕ್ಕಸವೆಂದ. "ನಾವು ಕಂದಾಯ ತುಂಬೋರು ಬುದ್ಧಿ. ಎಲ್ಲಿಗೆ ಹೋಯ್ತು ಅಂತ ಕೇಳಕ್ಕೆ ಹೆದರ್ತೀವಿ." ಎರಡನೆಯದು ಬಂದಾಗ ಕಿಟಕಿಯಾಚೆ ಅರ್ಧ ಎದ್ದ ಸ್ತಂಭ ಕಂಡಿತು. ಅವನು ತಲೆ ತಗ್ಗಿಸಿದ. "ಹೆಸರಿನ ಹಸಿವು."

"ಯಾರ ಹಸಿವು?" ರಾಜ ಗುಡುಗಿದ.

"ಹೇಳಿದ್ರೂ ತಲೆ ಹೋಯ್ತದೆ ಬುದ್ಧಿ, ಹೇಳದಿದ್ರೂ ಹೋಯ್ತದೆ."

"ಉತ್ತರ ಸರಿಯಿದೆ, ಅಪ್ಪಾಜಿ," ಎಂದಳು ಸೋಮಲೆ. ಆಮೇಲೆ ಜವರನನ್ನೇ ನೋಡುತ್ತ ಕೊನೆಯದು ಕೇಳಿದಳು: "ಇರುವಾಗ ಅದರ ಮೇಲೆ ಮೇಕೆ ಮೇಯುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಅದು ಹೋದ ದಿನ ನೋಡುವುದಕ್ಕೆ ಊರೇ ಇರುವುದಿಲ್ಲ."

"ಕೆರೆ ಏರಿ, ತಾಯಿ," ಎಂದ ಜವರ. "ನಮ್ಮೂರ ಏರಿ."

"ನಿನ್ನ ಮೂರು ಮನವಿಯನ್ನೂ ಓದಿದವಳು ನಾನು," ಎಂದಳು ಅವಳು. "ಓದುವುದು ಬಿಟ್ಟು ಬೇರೇನೂ ಮಾಡಲಾಗಲಿಲ್ಲ. ಒಗಟಿನ ನೆಪದಲ್ಲಾದರೂ ಯಾರಾದರೂ ಅಪ್ಪಾಜಿಯ ಎದುರು ಹೇಳಿಯಾರು ಅಂದುಕೊಂಡೆ."

ರಾಜ ಕಿಟಕಿಯಾಚೆ ಸ್ತಂಭದ ಕಡೆ ನೋಡಿದ. ಕೊನೆಗೆ, "ಕೊಟ್ಟ ಮಾತು ಕೊಟ್ಟದ್ದೇ. ಏನು ಬೇಕು?" ಎಂದ.

"ಸ್ತಂಭಕ್ಕೆ ತಂದ ಕಲ್ಲು ಒಂದು ನೂರು ಗಾಡಿ. ಕಟ್ಟೋ ಆಳು."

ರಾಜ ಅದನ್ನೂ ಕೊಟ್ಟ, ಮೇಲೆ ಇನಾಮು ಹೊಲ, ರೇಷ್ಮೆ ಶಾಲು ಕೊಟ್ಟ. ಒಗಟಿನ ಶಾಸನವನ್ನೂ ಅಂದೇ ತೆಗೆದುಹಾಕಿದ. ಪಂಡಿತರಿಗೆ, ವರ್ತಕನಿಗೆ ಅದರಿಂದ ಏನಾಗಬೇಕಿತ್ತು?

ಮರುದಿನ ಬೆಳಗ್ಗೆ ನೂರು ಗಾಡಿ ಹೊರಟವು. ಮಳೆ ಜಡಿಯುತ್ತಿತ್ತು. ಊರಿಗೆ ಇನ್ನು ಒಂದು ಹರಿದಾರಿ ಇರುವಾಗ, ಎದುರಿನಿಂದ ಗಂಟುಮೂಟೆ ಹೊತ್ತವರು ಬರುವುದು ಕಂಡಿತು. ಮುಂದಿದ್ದವಳು ಚಿಕ್ಕತಾಯಿ. ಸೊಂಟದ ತನಕ ಕೆಸರು.

"ಏರಿ ಒಡೀತಾ? ಯಾವಾಗ?" ಎಂದ ಜವರ.

"ಹೊತ್ತು ಮೂಡೋಕೆ ಮುಂಚೆ. ನೀರು ಜಿನುಗೋದು ಕಂಡು ಎಲ್ರನ್ನೂ ದಿಬ್ಬಕ್ಕೆ ಹತ್ತಿಸ್ದೆ. ಹನ್ನೊಂದು ಜನ ಬರ್ಲಿಲ್ಲ."

ಜವರ ದಾರಿಯಲ್ಲೇ ಕುಸಿದು ಕೂತ. ಮೊದಲ ಗಾಡಿಯವನು ಎತ್ತು ನಿಲ್ಲಿಸಿ ಇಳಿದು ಬಂದ. ಮೆಲ್ಲಗೆ ಕೇಳಿದ: "ಕಲ್ಲು ಎಲ್ಲಿ ಇಳಿಸ್ಲಣ್ಣ?"

ಚಿಕ್ಕತಾಯಿ ತಲೆಯ ಮೇಲಿನ ಗಂಟು ಇಳಿಸಿ, ಗಂಡನ ಪಕ್ಕದಲ್ಲಿ ಕೂತು, ಗಾಡಿಯವನಿಗೆ ಹೇಳಿದಳು:

"ಏರಿ ಹತ್ರವೇ ಇಳಿಸಪ್ಪ. ಮಳೆ ಮುಂದಿನ ವರ್ಷವೂ ಬರ್ತದೆ."